ರೇಡಿಯೇಟರಿಗೆ ಹೊದಿಸಿದ ಅಡಿಕೆ ಹಾಳೆ

ಕಾರಿಗೆ ಹಾಕಿದ ಪೆಟ್ರೋಲಿನ ಹೆಚ್ಚಿನ ಪಾಲು ಗಾಲಿ ತಿರುಗಿಸುವುದಿಲ್ಲ, ಬಿಸಿಯಾಗಿ ರೇಡಿಯೇಟರು, ಸೈಲೆನ್ಸರುಗಳಿಂದ ಹೊರಗೆ ಹೋಗಿಬಿಡುತ್ತದೆ. ನ್ಯಾಮತಿಯ ಹೈಸ್ಕೂಲಿನಲ್ಲಿ ನಾನು ಪ್ರತಿ ವರ್ಷ ಇದನ್ನು ಪಾಠ ಮಾಡುತ್ತೇನೆ. ಆ ಬಿಸಿಯನ್ನು ಹಿಡಿದು ಮತ್ತೆ ಕೆಲಸಕ್ಕೆ ಹಚ್ಚುವ ಯಂತ್ರಗಳಿಗಾಗಿ ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದಾರೆ ಎಂದೂ ಹೇಳುತ್ತೇನೆ. ಮಕ್ಕಳು ಬರೆದುಕೊಂಡು ಮರೆಯುತ್ತಾರೆ. ಮರೆಯಲಾಗದವನು ನಾನೊಬ್ಬನೇ. ಚನ್ನಗಿರಿಯ ಮನೆಯಿಂದ ಹೊನ್ನಾಳಿ ದಾಟಿ ಶಾಲೆ ಸೇರುವವರೆಗೂ ಬಾನೆಟ್ಟಿನ ಬಿಸಿಯದೇ ಚಿಂತೆ.

ಯಂತ್ರ ಕಟ್ಟುವ ತಾಕತ್ತು ನನಗಿಲ್ಲ. ಬಿಸಿ ಹೊರಗೆ ಹೋಗದಂತೆ ತಡೆದರೂ ಸಾಕಲ್ಲ ಎಂದುಕೊಂಡು ಒಂದು ಚಳಿಗಾಲದಲ್ಲಿ ಅಡಿಕೆ ಹಾಳೆಯೊಂದನ್ನು ನೆನೆಸಿ, ಚಪ್ಪಟೆ ಮಾಡಿ, ರೇಡಿಯೇಟರಿನ ಮುಂದೆ ಸಿಕ್ಕಿಸಿದೆ. ಎಂಜಿನ್ ಬೇಗ ಕಾವೇರಿತು. ಮೈಲೇಜೂ ಒಂಚೂರು ಹೆಚ್ಚಿತು, ಅಥವಾ ಹಾಗೆಂದು ನಂಬಿದೆ.

ಮಾರ್ಚಿನಲ್ಲಿ ವಾಟರ್ ಪಂಪು ಸೋರತೊಡಗಿತು. ನಮ್ಮ ಬೀದಿ ಕೊನೆಯ ಗ್ಯಾರೇಜಿನವರು ನಕ್ಕಾರೆಂದು ಹಾಳೆ ಬಿಚ್ಚಿಟ್ಟು ಕಾರು ಕೊಟ್ಟೆ. ಅವರು ಎಂದಿನಂತೆ ನನಗೊಂದು ಸ್ಟೂಲು ಎಳೆದುಕೊಟ್ಟು, ಪಂಪು ಬದಲಿಸಿಕೊಟ್ಟರು. ಮರುವಾರ ಜಗಳೂರಿನಲ್ಲಿ ನೆಂಟರ ಗೃಹಪ್ರವೇಶ. ಬೆಳಗಿನ ತಂಪಿನಲ್ಲಿ ಹೊರಡುವುದಲ್ಲವೇ ಎಂದು ಹಾಳೆ ಮತ್ತೆ ಸಿಕ್ಕಿಸಿದೆ. ಮನೆ ಬೀಗವನ್ನು ಮೂರು ಸಲ ಜಗ್ಗಿ ನೋಡಿದ ನಾನು ಬಿಸಿಲೇರಿದ ಮೇಲೆ ಹಾಳೆಯನ್ನು ಮರೆತೇಬಿಟ್ಟೆ.

ಜಗಳೂರು ಇನ್ನೇನು ಬಂತು ಅನ್ನುವಾಗ ಹೊಗೆ, ಆಮೇಲೆ ಎಂಜಿನ್ ಬಂದ್. ನಾನು ಮೊದಲು ಮಾಡಿದ ಕೆಲಸವೆಂದರೆ ಹಾಳೆಯನ್ನು ಕಿತ್ತು ಮೆಕ್ಕೆಜೋಳದ ಹೊಲದ ಬದುವಿಗೆ ಎಸೆದದ್ದು.

"ಏನ್ರೀ ಅದು?" ಅಂದಳು ಹೆಂಡತಿ.

"ಧೂಳಿಗೆ ಅಡ್ಡ ಇಟ್ಟಿದ್ದೆ."

ಕಾರನ್ನು ಎಳೆಸಿಕೊಂಡು ಚನ್ನಗಿರಿಗೆ ತಂದೆವು. ಗ್ಯಾರೇಜಿನವರು ಎಂಜಿನ್ ಬಿಚ್ಚಿ ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಹೆಡ್ ಗ್ಯಾಸ್ಕೆಟ್ ಹೋಗೈತೆ ಮೇಷ್ಟ್ರೇ. ಪಂಪ್ ಹಾಕಿ ನೀರು ತುಂಬಿದಾಗ ಒಳಗೆ ಗಾಳಿ ಉಳ್ಕಂಡು, ನೀರು ಓಡ್ದೆ ಎಂಜಿನ್ ಕಾದಿರ್ಬೇಕು. ಪೂರಾ ಗಾಳಿ ತೆಗೀಬೇಕಿತ್ತು. ತಪ್ಪು ನಂದೇ."

ಆಗಲೇ ಹೇಳಬೇಕಿತ್ತು. "ಇರ್ಲಿ ಬಿಡ್ರಿ, ಯಾರಿಗಾದ್ರೂ ಆಗುತ್ತೆ" ಅಂದೆ. ತಪ್ಪು ನನ್ನದು, ಕ್ಷಮಿಸಿದವನೂ ನಾನೇ. ಅವರು ಕೂಲಿ ತಗೊಳ್ಳದೆ ಎಲ್ಲ ರಿಪೇರಿ ಮಾಡಿದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಎಂದಿನ ಹಾಗೆ ಸಂಕಟಪಟ್ಟುಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಅಂದಿನಿಂದ ಅವರು ರೇಡಿಯೇಟರು, ಪಂಪಿನ ಕೆಲಸ ಮುಟ್ಟುವುದನ್ನೇ ಬಿಟ್ಟರು. ಯಾರೇ ಬಂದರೂ "ಹೊನ್ನಾಳಿಗೆ ಹೋಗ್ರಿ" ಅನ್ನುತ್ತಿದ್ದರು. ಅವರ ಗ್ಯಾರೇಜಿನ ಮುಂದೆ ಹಾಯುವಾಗಲೆಲ್ಲ ನನಗೆ ಫೋನಿನಲ್ಲಿ ತುರ್ತು ಕೆಲಸ ಬೀಳುತ್ತಿತ್ತು. ಜಗಳೂರಿನ ಆ ಬದುವಿನಲ್ಲಿ ಹಾಳೆ ಯಾರಿಗಾದರೂ ಸಿಕ್ಕು, ಅದರ ಜಾಡು ಹಿಡಿದು ನಮ್ಮನೆಗೆ ಬಂದಾರೆಂದೂ ಹೆದರಿದ್ದೇನೆ.

ಮೊನ್ನೆ ಟೈರಿಗೆ ಗಾಳಿ ಹಿಡಿಸಲು ವಿಧಿಯಿಲ್ಲದೆ ಅಲ್ಲಿ ನಿಂತಿದ್ದೆ. ಉಬ್ರಾಣಿ ಊರಿನವರೊಬ್ಬರು ಕಾರು ತಂದರು.

"ಪಂಪ್ ಸೋರಾಕೆ ಹತ್ತೈತೆ, ನೋಡ್ರಿ."

"ಆ ಕೆಲಸ ನನ್ ಕೈಗೆ ಹತ್ತಲ್ಲ. ಬೇಕಾದ್ರೆ ಮೇಷ್ಟ್ರನ್ನೇ ಕೇಳ್ರಿ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಹಾಳೆಯ ಕತೆಯನ್ನೆಲ್ಲ ಹೇಳಿದೆ, ನೆನೆಸಿದ್ದರಿಂದ ಹಿಡಿದು ಎಸೆದದ್ದರವರೆಗೆ. ಉಬ್ರಾಣಿಯವರು ನಗಲು ಹೋಗಿ ಗ್ಯಾರೇಜಿನವರ ಮುಖ ನೋಡಿ ನಿಲ್ಲಿಸಿದರು.

"ಅಡಿಕೆ ಹಾಳೆ," ಅಂದರು ಗ್ಯಾರೇಜಿನವರು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. "ಅವತ್ತೇ ಹೇಳಾಕೆ ಏನಾಗಿತ್ರಿ? ನನ್ ಕೈಗುಣಾನೇ ಹೋಯ್ತು ಅಂದ್ಕಂಡಿದ್ದೆ ನಾನು."

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ.

"ಬಾನೆಟ್ ಎತ್ರಿ," ಎಂದರು ಆ ಗಿರಾಕಿಗೆ.

ಹೊಸ ಪಂಪು ಕೂತಿತು, ನೀರು ತುಂಬಿತು. ಎಂಜಿನ್ ಚಾಲೂ ಮಾಡಿ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಬರುವುದನ್ನು ಬಗ್ಗಿ ನೋಡುತ್ತಾ ನಿಂತರು. ಗುಳ್ಳೆ ನಿಂತಮೇಲೂ ತುಂಬಾ ಹೊತ್ತು ನೋಡಿದರು. ನಾನೂ ನಿಂತೇ ಇದ್ದೆ. ಯಾವಾಗಲೂ ನನಗೆಂದು ಎಳೆದುಕೊಡುತ್ತಿದ್ದ ಸ್ಟೂಲು ಆವತ್ತು ಗೋಡೆಯ ಹತ್ತಿರವೇ ಇತ್ತು.