ಐದು ಜನರೂ ಮೂರೇ ಎಂದ ದಿನ

ಅಕ್ಕನ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಎತ್ತಿನಗಾಡಿಯ ನೊಗಕ್ಕೆ ಸಿಕ್ಕಿ ಮುರಿದದ್ದಂತೆ. ಆ ಬೆರಳಲ್ಲೇ ಕೀಬೋರ್ಡನ್ನು ಕುಟ್ಟುತ್ತಿದ್ದರು. ಮೆಟ್ಟಿಲು ಹತ್ತುವಾಗಲೇ ಆ ಸದ್ದು ಕೇಳಿ, ಅಕ್ಕ ಬಂದಾಯಿತು, ಇವತ್ತೂ ನಾನು ತಡ ಎಂದು ಗೊತ್ತಾಗುತ್ತಿತ್ತು.

ಮಂಡ್ಯದಲ್ಲಿ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯೇ ನಮ್ಮ ಸಾಫ್ಟ್‌ವೇರ್ ಆಫೀಸು. ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವರು ನಮ್ಮ ಟೀಮ್ ಲೀಡ್, ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಮದ್ದೂರಿನವನು, ಅದೇ ಮೊದಲ ಕೆಲಸ. ಉಳಿದ ನಾಲ್ವರೂ ನನ್ನಂಥವರೇ. ಅಕ್ಕ ಮುಲಾಜಿಲ್ಲದೆ ಬೈಯುತ್ತಿದ್ದರು. ಊಟದ ಡಬ್ಬಿ ತೆರೆದರೆ ಮಾತ್ರ ಮೊದಲ ತುತ್ತು ನಮಗೆ.

ಎರಡು ವಾರಕ್ಕೊಮ್ಮೆ ಮುಂದಿನ ಕೆಲಸಗಳ ಭಾರ ಅಂದಾಜು ಮಾಡುತ್ತಿದ್ದೆವು. ಒಂದು, ಎರಡು, ಮೂರು, ಐದು, ಎಂಟು, ಹದಿಮೂರು ಎಂದು ಬರೆದ ಚೀಟಿಗಳು ಎಲ್ಲರ ಕೈಲೂ ಇರುತ್ತಿದ್ದವು. ಅಕ್ಕ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದವು. ಒಂದೊಂದು ಕೆಲಸಕ್ಕೂ ಎಲ್ಲರೂ ತಮಗೆ ತೋಚಿದ ಒಂದು ಚೀಟಿಯನ್ನು ಒಟ್ಟಿಗೆ ತೋರಿಸಬೇಕು. ತೀರ ಕಡಿಮೆ ಹೇಳಿದವನೂ ತೀರ ಹೆಚ್ಚು ಹೇಳಿದವನೂ ಯಾಕೆಂದು ವಾದಿಸಬೇಕು. ಅಕ್ಕ ಮಾತ್ರ ತೋರಿಸುತ್ತಿರಲಿಲ್ಲ.

"ನಾನ್ ತೋರ್ಸುದ್ರೆ ನೀವೂ ಅದ್ನೇ ತೋರುಸ್ತೀರಿ. ಗೌರ್ವ ಮನೇಲಿಟ್ಟು ಬನ್ನಿ" ಎನ್ನುತ್ತಿದ್ದರು. ನಾನು ದಿನ ಎಣಿಸಲು ಹೊರಟರೆ, "ದಿನ ಯೋಳ್ಬ್ಯಾಡ ಕಣ್ಲಾ, ಬಾರ ಯೋಳು" ಎಂದು ತಡೆಯುತ್ತಿದ್ದರು. ಆದರೂ ಮೂರೆಂದರೆ ವಾರದೊಳಗೆ ಮುಗಿಯುವಂಥದ್ದು ಎಂದು ರೂಢಿಯಿಂದ ಗೊತ್ತಿತ್ತು. ಹದಿಮೂರು ಬಂದರೆ ಅಕ್ಕ ಆ ಕೆಲಸವನ್ನು ಚಿಕ್ಕ ಚೂರುಗಳಾಗಿ ಒಡೆದು ಮುಂದಕ್ಕೆ ಹಾಕುತ್ತಿದ್ದರು.

ಹೋದ ವರ್ಷ ಅಕ್ಕನ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಬೇಗ ಆಪರೇಷನ್ ಆಗಬೇಕೆಂದರು ಡಾಕ್ಟರು. ಅದೇ ಹೊತ್ತಿಗೆ ಸಕ್ಕರೆ ಕಾರ್ಖಾನೆಯೊಂದರ ಕೆಲಸ ಬಂತು, ರೈತರಿಗೆ ಕಬ್ಬು ಕಡಿಯುವ ಸರದಿಯನ್ನು ಫೋನಿನಲ್ಲೇ ತಿಳಿಸುವುದು. ರೈತರ ಕೆಲಸವನ್ನು ಅಕ್ಕ ಮುಂದಕ್ಕೆ ಹಾಕಲಾರರು, ದೊಡ್ಡದೆಂದು ಗೊತ್ತಾದರೆ ತಾವೇ ಹೆಗಲು ಕೊಟ್ಟು ಕೂತುಬಿಡುತ್ತಾರೆಂದು ನಮಗೆ ದಿಗಿಲು.

"ಎಲ್ರೂ ಮೂರು ತೋರ್ಸವಾ ಕಣ್ರಲಾ. ಚಿಕ್ ಕೆಲ್ಸ ಅಂತ ನಮ್ಗೆ ಬುಟ್ಟು ನೆಮ್ದಿಯಾಗ್ ಆಸ್ಪತ್ರೆಗ್ ಓಯ್ತಾರೆ" ಎಂದವನು ನಾನೇ.

ಐದು ಕೈಯಲ್ಲೂ ಮೂರು. ಅಕ್ಕ ಹುಬ್ಬು ಗಂಟಿಕ್ಕಿದರು.

"ಐದು ಜನಾನೂ ಮೂರಾ? ಮಾತಾಡ್ಕೊಂಡ್ ಬಂದಿದ್ದೀರಾ?"

"ಇಲ್ಲ ಅಕ್ಕ" ಎಂದೆ, ಕಣ್ಣಲ್ಲಿ ಕಣ್ಣಿಟ್ಟು.

"ಸರಿ ಬುಡು. ಒಂದ್ವಾರ ತಾನೆ? ಮುಗಿಸ್ಬುಟ್ಟೇ ಓಯ್ತೀನಿ" ಎಂದು ಆಪರೇಷನ್ ಮುಂದೂಡಿದರು.

ಆಗಲೇ ಬಾಯಿ ಬಿಡಬೇಕಿತ್ತು. ಸುಳ್ಳು ಹೇಳಿದ್ದು ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂದು ನಾಚಿಕೆಪಟ್ಟು ಸುಮ್ಮನಾದೆ. ವಾರದ ಕೆಲಸ ಏಳನೇ ವಾರಕ್ಕೆ ಬಂತು. ಸರದಿ ತಪ್ಪಿದರೆ ರೈತರ ಕಬ್ಬು ಗದ್ದೆಯಲ್ಲೇ ಒಣಗುತ್ತದೆಂದು ಅರ್ಧಕ್ಕೆ ಬಿಟ್ಟು ಹೋಗಲು ಅಕ್ಕನಿಗೆ ಮನಸ್ಸಿಲ್ಲ. ಒಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡು ಇನ್ನೊಂದರಲ್ಲಿ ಟೈಪ್ ಮಾಡುತ್ತಿದ್ದರು. ನಾವು ನೋಡುತ್ತಿದ್ದೆವು.

ಕೊನೆಗೆ ಆಪರೇಷನ್ನೇನೋ ಆಯಿತು, ಅಷ್ಟರಲ್ಲಿ ಗೆಡ್ಡೆ ಹರಡಿತ್ತು. ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ನಾನೊಬ್ಬನೇ ಪಕ್ಕದಲ್ಲಿದ್ದಾಗ ಕೇಳಿದರು:

"ನಿಜ್ವಾಗ್ಲೂ ಅದು ಎಷ್ಟು ಕಣ್ಲಾ?"

"ಹದಿಮೂರು ಅಕ್ಕ. ನೀವು ರಜಾ ತಕ್ಕಳ್ಳಿ ಅಂತ ಮೂರು ಅಂದ್ವಿ."

ಅಕ್ಕ ನನ್ನತ್ತ ತಿರುಗಿದರು. "ಅದಿಮೂರು ಅಂದಿದ್ರೆ ಕೆಲ್ಸನೇ ಮುಂದಕ್ಕಾಕಿ ಅವತ್ತೇ ಓಗ್ಬುಡ್ತಿದ್ದೆ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಅದಾದ ಮೂರನೇ ವಾರಕ್ಕೆ ಅಕ್ಕ ತೀರಿಕೊಂಡರು. ನಮ್ಮ ಕೈಲಾದದ್ದು ಮಾಡಿದೆವು, ಅಕ್ಕನೇ ನಮ್ಮ ಮಾತು ಕೇಳಲಿಲ್ಲ ಎಂದು ಉಳಿದ ನಾಲ್ವರು ಈಗಲೂ ಸಮಾಧಾನ ಮಾಡಿಕೊಳ್ಳುತ್ತಾರೆ. ಅವರು ಹಾಗೆಂದಾಗಲೆಲ್ಲ, ಆಸ್ಪತ್ರೆಯಲ್ಲಿ ಅಕ್ಕ ಅಂದದ್ದನ್ನು ಹೇಳದೆ, ನಾನು ಹೂಂಗುಟ್ಟುತ್ತೇನೆ.