ಗುರುಸಿದ್ದವ್ವನ ತೋಳದ ಮಡ್ಡಿ

ಗುರುಸಿದ್ದವ್ವ ವಿಜಯಪುರ–ತಿಕೋಟಾ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವಳು. ನೌಕರಿಯಿಂದ ಅವಳು ನಿವೃತ್ತಳಾದರೂ ದನಿ ನಿವೃತ್ತಿಯಾಗಿರಲಿಲ್ಲ. ಅಡುಗೆಮನೆಯಿಂದ ಸೊಸೆ ಶೈಲಾಳನ್ನು ಕೂಗಿದರೆ ಓಣಿಯಲ್ಲಿ ಹೋಗುವವರು ನಿಂತು ತಿರುಗಿ ನೋಡುತ್ತಿದ್ದರು.

ಬಿಜ್ಜರಗಿಯ ಹೊರಗೆ, ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಒಂಬತ್ತು ಎಕರೆ ಕಲ್ಲುಮಡ್ಡಿಯನ್ನು ಅವಳು ಕೊಂಡಾಗ, ದ್ರಾಕ್ಷಿ ಹಚ್ಚುತ್ತಾಳೆಂದೇ ಎಲ್ಲರೂ ತಿಳಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಜಾಗ ತೋರಿಸಲು ಮೂವರು ಕರೆಯದೇ ಬಂದರು. ಮೂವರೂ ಮೂರು ಕಡೆ ತೋರಿಸಿ, ತಮ್ಮತಮ್ಮಲ್ಲೇ ಜಗಳಾಡಿ ಹೋದರು.

ಎರಡನೇ ವಾರ, ಬಂಡೆಯ ಕೆಳಗಿನ ಬಿಲದ ಮುಂದೆ ನಾಲ್ಕು ತೋಳದ ಮರಿಗಳು ಒಂದರ ಬಾಲ ಒಂದು ಹಿಡಿದು ಎಳೆದಾಡುವುದನ್ನು ಗುರುಸಿದ್ದವ್ವ ಕಂಡಳು. ನೌಕರಿಯ ಹೊಸತರಲ್ಲಿ ಬೆಳಗಿನ ಮೊದಲ ಬಸ್ಸಿನ ಕಿಟಕಿಯಿಂದ ವಾರಕ್ಕೆರಡು ಸಲವಾದರೂ ತೋಳ ಕಾಣುತ್ತಿತ್ತು. ಮಡ್ಡಿಗಳೆಲ್ಲ ತೋಟಗಳಾಗುತ್ತ ಹೋದಂತೆ ಅವೂ ಕಡಿಮೆಯಾಗಿ, ಕೊನೆಯ ಎಂಟು ವರ್ಷ ಒಂದೂ ಕಂಡಿರಲಿಲ್ಲ.

"ಎಲ್ಲಿ ಹೋಗಿದ್ರಿ ಇಷ್ಟ ದಿನಾ?" ಎಂದು ಮರಿಗಳನ್ನೇ ಕೇಳಿದಳು. ಆ ದನಿಗೆ ನಾಲ್ಕೂ ಬಿಲದೊಳಗೆ ಉರುಳಿಬಿದ್ದವು.

ಮನೆಗೆ ಬಂದವಳೇ, "ದ್ರಾಕ್ಷಿ ಹಚ್ಚೂದಿಲ್ಲ. ಮಡ್ಡಿ ತೋಳಕ್ಕ ಬಿಟ್ಟೇನಿ," ಅಂದಳು.

"ಅತ್ತಿ, ಮಂದಿ ನಾಯಿ ಸಾಕ್ತಾರ್ರಿ!" ಅಂದಳು ಶೈಲಾ.

"ನಾ ಸಾಕೂದಿಲ್ಲಬೇ. ಅವು ತಮ್ಮ ಪಾಡಿಗೆ ತಾವು ಇರ್ತಾವು. ನಾ ಜಾಗಾ ಹಿಡದಿರ್ತೇನಿ, ಅಷ್ಟ."

ಮುಳ್ಳುಬೇಲಿ ಹಾಕಿಸಿದಳು, ಕುಡಿಯುವ ನೀರಿಗೊಂದು ತೊಟ್ಟಿ ಕಟ್ಟಿಸಿದಳು. ಅರಣ್ಯ ಇಲಾಖೆಯವರು ಬಂದು ನೋಡಿ, ಹೊಗಳಿ, ಚಹಾ ಕುಡಿದು ಹೋದರು.

ತಿಂಗಳೊಳಗೆ ಊರಿನ ಕುರಿಗಾರ ಬಾಬುವಿನ ಕುರಿಮರಿಯೊಂದು ಕಾಣೆಯಾಯಿತು. ಬಿಲಕ್ಕೆ ಹೊಗೆ ಹಾಕಲು ಅವನು ಏಳು ಜನರನ್ನು ಕಟ್ಟಿಕೊಂಡು, ಒಣಹುಲ್ಲು, ಮೆಣಸಿನಕಾಯಿ ಚೀಲ ಹೊತ್ತು ಬಂದ. ಗುರುಸಿದ್ದವ್ವ ಬೇಲಿಯ ಸಂದಿಯಲ್ಲಿ ಅಡ್ಡ ನಿಂತು ಬಸ್ಸಿನ ಕಾಲದ ಹಳೆಯ ಸೀಟಿ ಊದಿದಳು. ಎಲ್ಲರೂ ಚಿಕ್ಕಂದಿನಲ್ಲಿ ಅವಳ ಬಸ್ಸಿನಲ್ಲೇ ಶಾಲೆಗೆ ಹೋಗಿ ಬಂದವರು. ಎಂಟೂ ಜನ ಗಕ್ಕನೆ ನಿಂತರು.

"ಸಾಲು ಹಿಡೀರಿ! ಒಬ್ಬೊಬ್ಬರ ಮಾತಾಡ್ರಿ. ತೋಳ ಒಯ್ದದ್ದು ನೋಡಿದವ್ರು ಯಾರು?"

ಸಾಲು ಹಿಡಿದರು. ನೋಡಿದವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಬಾಬುವಿನ ಫೋನು ರಿಂಗಾಯಿತು. ಆ ಕಡೆಯಿಂದ, ಊರಲ್ಲಿ ಒಣದ್ರಾಕ್ಷಿ ಮಾಡುವ ಧರ್ಮರಾಜ ಕಿರುಚುತ್ತಿದ್ದ: "ನಿನ್ನ ಮರಿ ನಮ್ಮ ಮನೂಕದ ಶೆಡ್ಡಿನ್ಯಾಗ ಹೊಟ್ಟಿ ಉಬ್ಬಿಸ್ಕೊಂಡು ಮಲಗೇತ್ಲೇ! ಕೆಳಗಿನ ತಟ್ಟಿ ದ್ರಾಕ್ಷಿ ಪೂರಾ ಖಾಲಿ ಮಾಡೇತಿ!"

"ಮೆಣಸಿನಕಾಯಿ ಇಲ್ಲೇ ಇಟ್ಟ ಹೋಗ್ರಿ," ಅಂದಳು ಗುರುಸಿದ್ದವ್ವ. ಅದರಿಂದ ಶೈಲಾ ವರ್ಷಕ್ಕಾಗುವಷ್ಟು ಖಾರಪುಡಿ ಕುಟ್ಟಿಸಿದಳು.

ಆದರೆ ತೋಳಗಳೇನು ಸಂತರಲ್ಲ. ಮುಂದಿನ ತಿಂಗಳು ಮಡ್ಡಿಯ ಅಂಚಿನ ಆಡುಕುರಿಯ ಹಟ್ಟಿಯಿಂದ ಗುರುಸಿದ್ದವ್ವನ ಮೆಚ್ಚಿನ ಆಡನ್ನೇ ಎತ್ತಿಕೊಂಡು ಹೋದವು. ಅವಳು ಬಂಡೆಯ ಎದುರು ನಿಂತು, ಮೂವತ್ತು ವರ್ಷದ ಪ್ರಯಾಣಿಕರಿಗೆ ಬೈಯದೆ ಉಳಿಸಿಕೊಂಡಿದ್ದ ಬೈಗುಳವನ್ನೆಲ್ಲ ಮಧ್ಯಾಹ್ನದವರೆಗೆ ಬೈದಳು. ಊರವರು ಸತ್ತ ಮನೆಗೆ ಬರುವಂತೆ ಬಂದು ಕೂತರು. ಬಾಬುವೂ ಬಂದ, ಮುಖದಲ್ಲಿ ಸಣ್ಣ ಖುಷಿಯಿತ್ತು.

"ಅಕ್ಕಾ, ಈಗರೆ ಹೊಗಿ ಹಾಕೂಣೇನ್ರಿ?"

ಗುರುಸಿದ್ದವ್ವ ಖಾಲಿ ಹಟ್ಟಿಯ ಕಡೆ ನೋಡಿದಳು.

"ಬ್ಯಾಡೋ. ಹಟ್ಟಿ ಬಾಗಲಾ ಹಾಕದ ಬಂದಾಕಿ ನಾನ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಾಬುವಿನ ಖುಷಿ ಅಲ್ಲಿಗೆ ಮುಗಿಯಿತು. ಮರುದಿನ ಅವನೇ ತಂತಿಬಲೆ ಹೊತ್ತು ತಂದು ಹಟ್ಟಿಯ ನೆತ್ತಿಗೂ ಹೊದಿಸಿದ. ಆಮೇಲೆ ತನ್ನ ಹಟ್ಟಿಗೂ ಹಾಕಿಕೊಂಡ. ಮಳೆಗಾಲದೊಳಗೆ ಊರಿನ ಹನ್ನೆರಡು ಹಟ್ಟಿಗಳಿಗೆ ಬಲೆ ಬಿತ್ತು. ಬೇಲಿಯಾಚೆಯ ತನ್ನ ನಾಲ್ಕು ಎಕರೆಯನ್ನೂ ಬಾಬು ತೋಟ ಮಾಡದೆ ಹಾಗೇ ಬಿಟ್ಟ. ಕೇಳಿದರೆ, "ಹೆಂಗೂ ಕಲ್ಲ ಐತ್ರಿ," ಅನ್ನುತ್ತಿದ್ದ. ದಿನಾ ಸಂಜೆ ಬಂಡೆಯ ಕಡೆ ನೋಡುತ್ತ ಕೂರುವುದೇಕೆಂದು ಮಾತ್ರ ಹೇಳುತ್ತಿರಲಿಲ್ಲ.

ಈ ವರ್ಷ ಚಳಿ ಇಳಿಯುವ ಹೊತ್ತಿಗೆ ಅವನೇ ಏದುಸಿರು ಬಿಡುತ್ತ ಬಂದ: "ಅಕ್ಕಾ, ಐದ ಮರಿ! ನಾ ಕಣ್ಣಾರೆ ಎಣಿಸೇನಿ!" ಗುರುಸಿದ್ದವ್ವ ಓಣಿಗೆಲ್ಲ ಪೇಢೆ ಹಂಚಲು ಶೈಲಾಳನ್ನು ಕಳಿಸಿದಳು. ಏನು ಹೇಳಲೆಂದು ಶೈಲಾ ಕೇಳಿದ್ದಕ್ಕೆ, "ನಮ್ಮಲ್ಲೆ ಐದ ಕೂಸು ಹುಟ್ಟ್ಯಾವ ಅನ್ನು," ಅಂದಳು.

ಮೂರನೇ ಮನೆಯ ಕಾಶಿಬಾಯಿ ಪೇಢೆ ಕೈಯಲ್ಲೇ ಹಿಡಿದು ಶೈಲಾಳ ಹೊಟ್ಟೆಯನ್ನು ನೋಡಿದಳು.

"ಯವ್ವಾ! ಐದೂ ಒಮ್ಮೆಕೇ? ಮತ್ತ ನೀ ಎದ್ದ ಯಾಕ ತಿರಗಾಕತ್ತಿ?"