ಸೈಕಲ್ಲು ತಳ್ಳುವ ಚಾಂಪಿಯನ್

ಟೈಲರಿಗೆ ತಾವು ದಪ್ಪಗಾಗಿರುವ ವಿಷಯ ಬಹಳ ವರ್ಷ ಗೊತ್ತೇ ಇರಲಿಲ್ಲ. ಉಳಿದವರಿಗೆ ಈ ಸುದ್ದಿಯನ್ನು ಅವರವರ ಪ್ಯಾಂಟು ಮುಟ್ಟಿಸುತ್ತದೆ. ಬೆಳಿಗ್ಗೆ ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಳ್ಳುವಾಗ ಎಂಥ ಮೊಂಡನಿಗೂ ಅರ್ಥವಾಗುತ್ತದೆ. ಆದರೆ ಇವರು ಟೈಲರು. ಸೊಂಟ ಸ್ವಲ್ಪ ಬಿಗಿಯಾಯಿತು ಅನ್ನಿಸಿದರೆ ಸಾಕು, ಗಿರಾಕಿಗಳಿಲ್ಲದ ಮಧ್ಯಾಹ್ನ ಅಂಗಡಿಯ ಪರದೆಯ ಹಿಂದೆ ಟವೆಲ್ಲು ಸುತ್ತಿಕೊಂಡು ಕೂತು, ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆಯಲ್ಲಿ ಬೆರಳಗಲ ಬಿಟ್ಟು ಮತ್ತೆ ಹೊಲಿದುಬಿಡುತ್ತಿದ್ದರು. ಹಾಗಾಗಿ ಅವರ ಪ್ಯಾಂಟು ಯಾವತ್ತೂ ಅವರಿಗೆ ಹೇಳಿ ಮಾಡಿಸಿದ ಹಾಗೆ ಇರುತ್ತಿತ್ತು. ಊರಿನ ಸೊಂಟಗಳನ್ನೆಲ್ಲ ಅಳೆದ ಮನುಷ್ಯ ತನ್ನದೊಂದನ್ನು ಮರೆತಿದ್ದರು.

ಮೊದಲು ಹೀಗಿರಲಿಲ್ಲ. ಮೊದಲು ಕಾಲಿನಿಂದ ತುಳಿಯುವ ಮಷೀನಿತ್ತು. ವರ್ಷಗಟ್ಟಲೆ ತುಳಿದರೂ ಇದ್ದಲ್ಲೇ ಇದ್ದರು ಅನ್ನುವುದು ಬೇರೆ ಮಾತು, ಮೈಯಂತೂ ಹದವಾಗಿತ್ತು. ಮಷೀನಿಗೆ ಮೋಟರು ಕೂರಿಸಿದ ಮೇಲೆ ಕಾಲಿಗೆ ಕೆಲಸ ತಪ್ಪಿತು, ಹೊಟ್ಟೆಗೆ ತಪ್ಪಲಿಲ್ಲ. ಮನೆಯ ಮುಂದೆ ಬಸ್ಸು ಹತ್ತುವುದು, ಅಂಗಡಿಯ ಮುಂದೆ ಇಳಿಯುವುದು. ಬಸ್ಸಿನಲ್ಲಿ ಸೀಟು, ಅಂಗಡಿಯಲ್ಲಿ ಸ್ಟೂಲು, ಮನೆಯಲ್ಲಿ ಕುರ್ಚಿ. ದಿನವಿಡೀ ಒಂದು ಕೂರುವ ಜಾಗದಿಂದ ಇನ್ನೊಂದು ಕೂರುವ ಜಾಗಕ್ಕೆ ವರ್ಗವಾಗುವುದೇ ಅವರ ಓಡಾಟ. ದಿನಾ ಅದೇ ಬಸ್ಸಿನಲ್ಲಿ ಬರುವ ನೆರೆಹೊರೆಯವರ ಕಾಲರಿನ ಹೊಲಿಗೆ ಒಂದೊಂದೂ ಅವರಿಗೆ ಬಾಯಿಪಾಠವಾಗಿತ್ತು, ಮುಖ ಯಾರದೆಂದು ಗೊತ್ತಿರಲಿಲ್ಲ.

ಕೊನೆಗೆ ಮೆಟ್ಟಿಲು ಗುಟ್ಟು ಬಿಟ್ಟುಕೊಟ್ಟಿತು. ಮನೆ ಎರಡನೇ ಮಹಡಿಯಲ್ಲಿ. ಅರ್ಧ ಹತ್ತಿದ ಮೇಲೆ ಟೈಲರು ಗೋಡೆಯ ಕರೆಂಟು ಮೀಟರನ್ನು ಬಹಳ ಹೊತ್ತು ಓದತೊಡಗಿದರು. ಅಷ್ಟೊಂದು ಓದುವಂಥದ್ದು ಅದರಲ್ಲಿ ಏನಿದೆ ಎಂದು ಅನುಮಾನ ಬಂದು ಹೆಂಡತಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಸೊಂಟಕ್ಕೆ ಟೇಪು ಸುತ್ತಿ ಅಳತೆ ಹೇಳಿದಾಗ ಟೈಲರು ಒಪ್ಪಲಿಲ್ಲ.

"ನಿಮ್ಮ ಟೇಪು ಕುಗ್ಗಿದೆ ಡಾಕ್ಟ್ರೇ. ಹೊಸದು ತಗೊಳ್ಳಿ."

"ಟೇಪು ಸರಿಯಾಗೇ ಇದೆ," ಅಂದರು ಡಾಕ್ಟರು. "ಬಿಪಿ, ಶುಗರು ಎರಡೂ ನಿಮ್ಮ ಹೊಸಿಲ ಮೇಲೆ ನಿಂತಿವೆ. ಒಳಗೆ ಕರೀಬೇಡಿ. ಬಸ್ಸು ಬಿಟ್ಟು ದಿನಾ ಸೈಕಲ್ ಹೊಡೀರಿ. ಹೃದಯಕ್ಕೂ ಒಳ್ಳೇದು, ಮನಸ್ಸಿಗೂ ಒಳ್ಳೇದು."

ಹೆಂಡತಿ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, "ಸೈಕಲ್ಲಾ? ಇವರಿಗೆ ಅದು ನೀರು ಕುಡಿದಷ್ಟು ಸುಲಭ. ರೇಸಿನಲ್ಲಿ ಕಪ್ ಗೆದ್ದವರು ಇವರು," ಅಂದರು.

ಟೈಲರು ಅವಸರವಾಗಿ ಎದ್ದು ಚಪ್ಪಲಿ ಹುಡುಕತೊಡಗಿದರು. ಯಾಕೆಂದರೆ ಅವರಿಗೆ ಸೈಕಲ್ಲು ಬರುತ್ತಿರಲಿಲ್ಲ.

ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಟೈಲರ ಸೋದರಮಾವ ಮಹಾ ಜಿಪುಣ, ಒಂದೇ ಸುಳ್ಳಿನಲ್ಲಿ ಮುಗಿಸಿದ್ದರು. ಹೆಣ್ಣು ಕೇಳಲು ಹೋದ ದಿನ ಹುಡುಗಿಯ ತಂದೆ, "ಹುಡುಗನಿಗೆ ಹೊಲಿಗೆ ಬಿಟ್ಟು ಇನ್ನೇನು ಬರುತ್ತೆ?" ಎಂದು ಕೇಳಿದ್ದರು. ಅದಕ್ಕೂ ಮೊದಲು ಒಬ್ಬ ಗುಮಾಸ್ತ ಬಂದು ಹೋಗಿದ್ದ, ತಿಂಗಳ ಸಂಬಳದವನು. ಅವನ ಮುಂದೆ ಕತ್ತರಿ ಹಿಡಿಯುವವನನ್ನು ಎತ್ತಿ ನಿಲ್ಲಿಸಬೇಕಿತ್ತು. ಮಾವ ಕೆಮ್ಮಿ, "ಸೈಕಲ್ ರೇಸಿನಲ್ಲಿ ಕಪ್ ಗೆದ್ದಿದ್ದಾನೆ," ಅಂದುಬಿಟ್ಟರು. ಹುಡುಗ ತನ್ನ ಕಾಲ್ಬೆರಳು ನೋಡುತ್ತ ಕೂತಿದ್ದ. ಮರುದಿನವೇ ಮಾವ ಗುಜರಿ ಅಂಗಡಿಯಿಂದ ಒಂದು ಹಿತ್ತಾಳೆ ಕಪ್ ತಂದು ಅದರ ಮೇಲೆ 'ದ್ವಿತೀಯ' ಎಂದು ಕೆತ್ತಿಸಿದರು. "ಮೊದಲನೇ ಬಹುಮಾನ ಅಂದ್ರೆ ಯಾರಾದ್ರೂ ವಿಚಾರಿಸ್ತಾರೆ. ಎರಡನೇದನ್ನ ಯಾರೂ ವಿಚಾರಿಸಲ್ಲ ಕಣೋ," ಎಂಬುದು ಅವರ ಲೆಕ್ಕ. ಹುಡುಗಿ ಗುಮಾಸ್ತನನ್ನು ಬೇಡ ಅಂದಳು. ಮದುವೆಯಾಯಿತು.

ಮಾವ ತೀರಿಕೊಂಡು ಎಷ್ಟೋ ಕಾಲವಾಯಿತು, ಕಪ್ ಮಾತ್ರ ಗಾಜಿನ ಬೀರುವಿನಲ್ಲಿ ಕೂತಿದೆ. ಭಾನುವಾರ ಬಂದರೆ ಟೈಲರು ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡುತ್ತಾರೆ. ತಿಕ್ಕುವಾಗ ಪ್ರತಿ ಸಲವೂ ಒಂದೇ ಭಯ: ಈ ಕಪ್ ಇಲ್ಲದಿದ್ದರೆ ಇವಳು ಗುಮಾಸ್ತನ ಮನೆ ಸೇರುತ್ತಿದ್ದಳು. ತನ್ನ ಇಡೀ ಸಂಸಾರ ನಿಂತಿರುವುದು ಈ ಹಿತ್ತಾಳೆಯ ಮೇಲೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ನಿಜ ಹೇಳುವುದೆಂದರೆ ಅವರಿಗೆ ಮನೆಯ ಅಡಿಪಾಯದಿಂದ ಒಂದು ಕಲ್ಲು ಎಳೆದ ಹಾಗೆ.

ಹೆಂಡತಿಯ ತಮ್ಮ ಮರುವಾರವೇ ತನ್ನ ಹಳೇ ಸೈಕಲ್ಲಿಗೆ ಎಣ್ಣೆ ಬಿಟ್ಟು ತಂದು ನಿಲ್ಲಿಸಿದ. "ತಗೊಳ್ಳಿ ಚಾಂಪಿಯನ್ ಭಾವ. ನೋಡೋಣ, ಹಳೇ ಕೈ ಇನ್ನೂ ಇದೆಯಾ ಅಂತ."

ಹಳೇ ಕೈ ಇತ್ತು, ಕಾಲೇ ಇರಲಿಲ್ಲ. ಬೆಳಿಗ್ಗೆ ಹೆಂಡತಿ ಬಾಲ್ಕನಿಯಲ್ಲಿ ನಿಂತು ಕೈ ಬೀಸಿದರು. ಟೈಲರು ಬಗ್ಗಿ ಟೈರು ಒತ್ತಿ ನೋಡಿದರು, ಬೆಲ್ಲು ಬಾರಿಸಿದರು, "ತಿರುವು ದಾಟಿ ಹತ್ತೀನಿ, ಇಲ್ಲಿ ಗುಂಡಿ ಜಾಸ್ತಿ," ಎಂದು ರಸ್ತೆಯ ಮೇಲೆ ಗೂಬೆ ಕೂರಿಸಿ ಸೈಕಲ್ಲು ತಳ್ಳಿಕೊಂಡು ಹೊರಟರು. ತಿರುವು ದಾಟಿದರು. ಹತ್ತಲಿಲ್ಲ. ಅಂಗಡಿಯವರೆಗೂ ತಳ್ಳಿದರು, ಸಂಜೆ ವಾಪಸ್ಸೂ ತಳ್ಳಿದರು. ಮೆಟ್ಟಿಲು ಹತ್ತುವಾಗ ಬೆವರಿನಲ್ಲಿ ತೊಯ್ದಿದ್ದ ಗಂಡನನ್ನು ನೋಡಿ ಹೆಂಡತಿ, "ಬಹಳ ಜೋರಾಗಿ ಓಡಿಸಬೇಡಿ," ಅಂದರು. ಒಂದು ದಿನ ಯಾರೂ ಇಲ್ಲದ ಗಲ್ಲಿಯಲ್ಲಿ ಹತ್ತಿ ನೋಡಿದ್ದೂ ಉಂಟು. ಸೈಕಲ್ಲು ಎಡಕ್ಕೆ ಅಂದಿತು, ಇವರು ಬಲಕ್ಕೆ ಅಂದರು, ಗೋಡೆ ಮಧ್ಯಸ್ಥಿಕೆ ವಹಿಸಿತು. ಆಮೇಲೆ ಆ ಗೋಜಿಗೆ ಹೋಗಲಿಲ್ಲ.

ಸೈಕಲ್ಲು ತಳ್ಳಿಕೊಂಡು ಹೋಗುವವನನ್ನು ಕಂಡರೆ ಲೋಕಕ್ಕೆ ಒಂದೇ ಪ್ರಶ್ನೆ. ದಾರಿಯಲ್ಲಿದ್ದ ಪಂಕ್ಚರ್ ಅಂಗಡಿಯವನು ಮೊದಲ ದಿನವೇ ಎದ್ದು ಬಂದ.

"ಪಂಕ್ಚರಾ ಅಣ್ಣ?"

"ಗಾಳಿ ಸ್ವಲ್ಪ ಕಮ್ಮಿ ಅನ್ಸುತ್ತೆ," ಅಂದರು ಟೈಲರು. ಅವನು ಗಾಳಿ ಹಾಕಿದ. ಮರುದಿನವೂ ಹಾಕಿದ. ಆಮೇಲೊಂದು ದಿನ ಟ್ಯೂಬು ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಇಂಚಿಂಚೂ ನೋಡಿದ, ಒಂದು ಗುಳ್ಳೆಯೂ ಏಳಲಿಲ್ಲ. ಅವನು ಟೈಲರ ಮುಖವನ್ನೊಮ್ಮೆ, ತುಳಿಯದೆ ಧೂಳು ಕೂತಿದ್ದ ಪೆಡಲನ್ನೊಮ್ಮೆ ನೋಡಿ ಎಲ್ಲ ಅರ್ಥಮಾಡಿಕೊಂಡ. "ಕೂತ್ಕೊಳಿ ಅಣ್ಣ, ಟೀ ಕುಡೀರಿ," ಅಂದ. ಅವತ್ತಿನಿಂದ ಏನೂ ಕೇಳಲಿಲ್ಲ. ಇಂಥ ಮನುಷ್ಯರು ಊರಿಗೊಬ್ಬರಾದರೂ ಇರಬೇಕು.

ಇನ್ನೊಬ್ಬರು ಪಕ್ಕದ ಕಟ್ಟಡದ ನಿವೃತ್ತ ಲೆಕ್ಕದ ಮೇಷ್ಟ್ರು. ಬೀಳುವ ಭಯಕ್ಕೆ ಅವರು ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಗೇಟಿನಲ್ಲಿ ನಿಂತವರು ಒಂದು ಬೆಳಿಗ್ಗೆ, "ಟೈಲರೇ, ಹೇಗೂ ತಳ್ತಾ ಇದೀರಿ, ನಾನು ಹಿಂದೆ ಕ್ಯಾರಿಯರ್ ಹಿಡ್ಕೊಂಡು ಬರ್ಲಾ?" ಅಂದರು. ಬಂದರು. ಮರುದಿನದಿಂದ ಕೆಳಮನೆಯ ಅಜ್ಜಿ ಹಿಟ್ಟಿನ ಗಿರಣಿಗೆ ಹೋಗಬೇಕಾದ ಚೀಲವನ್ನು ಸೀಟಿನ ಮೇಲೆ ಇಟ್ಟು ಪಕ್ಕದಲ್ಲಿ ನಡೆದರು. ಬಸ್ಸಿಗೆ ಹೋಗುತ್ತಿದ್ದವರೂ ಒಬ್ಬೊಬ್ಬರಾಗಿ ಜೊತೆ ಸೇರಿದರು. ಹಿಂದೆ ಹೊಲಿಗೆಯಷ್ಟೇ ಗೊತ್ತಿದ್ದ ಕಾಲರುಗಳಿಗೆ ಈಗ ಮುಖ ಬಂತು, ಮಂಡಿನೋವು ಬಂತು, ಮಾತು ಕೇಳದ ಸೊಸೆ ಬಂದಳು, ಹಳೇ ಜೋಕುಗಳು ಬಂದವು. ಓಡಿಸುವ ಸೈಕಲ್ಲಿನಲ್ಲಿ ಒಬ್ಬರಿಗೇ ಜಾಗ, ತಳ್ಳುವ ಸೈಕಲ್ಲಿನ ಪಕ್ಕದಲ್ಲಿ ಎಷ್ಟು ಜನರಾದರೂ ಬರಬಹುದು. ಟೈಲರಿಗೆ ಬೆಳಗಾಗುವುದನ್ನೇ ಕಾಯುವಷ್ಟು ಖುಷಿಯಾಗತೊಡಗಿತು, ಆ ಖುಷಿಯ ಅಡಿಯಲ್ಲೇ ಸಿಕ್ಕಿಬೀಳುವ ಭಯವೂ ಕುಟುಕುತ್ತಿತ್ತು.

ಪ್ಯಾಂಟು ಸಡಿಲವಾಯಿತು. ಮೀಟರಿನ ಮುಂದೆ ನಿಲ್ಲುವುದು ತಪ್ಪಿತು. ಡಾಕ್ಟರು ಮತ್ತೆ ಅಳೆದು ನೋಡಿ ಬೆರಗಾದರು. "ನೋಡಿದ್ರಾ ಸೈಕಲ್ಲಿನ ಮಹಿಮೆ," ಎಂದು ಹೆಂಡತಿಯ ಕಡೆ ತಿರುಗಿ, "ನಿಮ್ಮ ಮಂಡಿಗೂ ಒಳ್ಳೇದಮ್ಮ. ನೀವೂ ಕಲೀರಿ," ಅಂದರು.

"ಅದಕ್ಕೇನು, ಮನೇಲೇ ಚಾಂಪಿಯನ್ ಇದ್ದಾರೆ," ಅಂದರು ಹೆಂಡತಿ. "ಕಲಿಸ್ತೀರಲ್ಲಾ?"

ಬಿಸಿತುಪ್ಪ ಬಾಯಿಗೆ ಬಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಟೈಲರು ತಲೆಯಾಡಿಸಿದರು.

ಹೆಂಡತಿ ತಾವೇ ಕೂತು ಒಂದು ಸಡಿಲ ಪೈಜಾಮ ಹೊಲಿದುಕೊಂಡರು. ಪಂಕ್ಚರ್ ಅಂಗಡಿಯ ಎದುರಿನ ಮೈದಾನದಲ್ಲಿ ಪಾಠ ಶುರುವಾಯಿತು. ಅಪ್ಪಂದಿರು ಮಕ್ಕಳಿಗೆ ಕಲಿಸುವುದನ್ನು ಟೈಲರು ನೋಡಿದ್ದರು. ಹಿಂದಿನಿಂದ ಸೀಟು ಹಿಡಿದು, "ಮುಂದೆ ನೋಡು, ಚಕ್ರ ನೋಡಬೇಡ, ತುಳೀತಾ ಇರು," ಎಂದು ಓಡಿದರು. ಹ್ಯಾಂಡಲ್ ತಿರುಗಿಸುವ ವಿಷಯದಲ್ಲಿ ಅವರು ನಿಜಕ್ಕೂ ಪಂಡಿತರೇ, ದಿನಾ ಅದನ್ನೇ ಮಾಡುವವರಲ್ಲವೇ. ನಿಲ್ಲಿಸುವ ಪಾಠ ಮಾತ್ರ ಬರಲೇ ಇಲ್ಲ. ಟೈಲರು ನಿಂತರೆ ಸೈಕಲ್ಲೂ ನಿಲ್ಲುತ್ತಿತ್ತು, ಅಷ್ಟೇ. ಬ್ರೇಕು ಎಂಬುದೊಂದು ಇದೆ, ಅದಕ್ಕೂ ಕೆಲಸವಿದೆ ಅನ್ನುವುದು ತಳ್ಳುವವನ ತಲೆಗೆ ಹೊಳೆಯುವುದಾದರೂ ಹೇಗೆ?

ಒಂದು ಬೆಳಿಗ್ಗೆ ಹೆಂಡತಿಯ ವೇಗಕ್ಕೆ ಟೈಲರ ಕಾಲು ಸಾಲಲಿಲ್ಲ. ಸೀಟು ಕೈತಪ್ಪಿತು. ಸೈಕಲ್ಲು ಬೀಳಲಿಲ್ಲ, ನೆಟ್ಟಗೆ ಹೋಯಿತು. ಮೈದಾನದ ಒಂದು ಸುತ್ತು, ಇನ್ನೊಂದು ಸುತ್ತು. ಬೆಂಚಿನಲ್ಲಿದ್ದ ಮೇಷ್ಟ್ರು, ಅಜ್ಜಿ ಚಪ್ಪಾಳೆ ತಟ್ಟಿದರು. ಮೂರನೇ ಸುತ್ತಿನಲ್ಲಿ ಹೆಂಡತಿ ಕೂಗಿದರು.

"ರೀ, ನಿಲ್ಲಿಸೋದು ಹೇಗೆ? ಇಲ್ಲಿ ಎರಡು ಬ್ರೇಕ್ ಇದೆ. ಎಡಗೈದು ಹಿಡೀಲಾ, ಬಲಗೈದಾ?"

ಟೈಲರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಎರಡರಲ್ಲಿ ಯಾವುದೋ ಒಂದನ್ನು ಜೋರಾಗಿ ಹಿಡಿದರೆ ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ ಎಂದು ಎಲ್ಲೋ ಕೇಳಿದ್ದರು. ಯಾವುದು ಎಂದು ಕೇಳಿರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟರೆ ಮಾನ ಉಳಿಯಬಹುದು, ಆಕೆಯ ಹಲ್ಲು ಉಳಿಯದಿರಬಹುದು. ಇಷ್ಟು ವರ್ಷ ಸುಳ್ಳು ಸುಮ್ಮನೆ ಬೀರುವಿನಲ್ಲಿ ಕೂತಿತ್ತು, ಯಾರಿಗೂ ಪೆಟ್ಟು ಮಾಡಿರಲಿಲ್ಲ.

"ನಂಗೊತ್ತಿಲ್ಲ ಕಣೇ," ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು. "ನಂಗೆ ಸೈಕಲ್ ಬರಲ್ಲ. ಯಾವತ್ತೂ ಬರ್ತಿರಲಿಲ್ಲ."

"ಎರಡೂ ಒಟ್ಟಿಗೆ ಮೆತ್ತಗೆ ಹಿಡೀರಿ ಅಕ್ಕ," ಎಂದು ರಸ್ತೆಯಾಚೆಯಿಂದ ಪಂಕ್ಚರ್ ಅಂಗಡಿಯವನು ಕೂಗಿದ. ಹೆಂಡತಿ ಹಿಡಿದರು. ಸೈಕಲ್ಲು ಸಾಧುಪ್ರಾಣಿಯ ಹಾಗೆ ನಿಂತಿತು.

ಟೈಲರು ಓಡಿಹೋಗಿ ಹ್ಯಾಂಡಲ್ ಹಿಡಿದುಕೊಂಡರು. ಮೇಷ್ಟ್ರು ಆಕಾಶ ನೋಡತೊಡಗಿದರು.

"ಆ ಕಪ್ ನಾನು ಗೆದ್ದಿದ್ದಲ್ಲ. ಮಾವ ಗುಜರಿಯಿಂದ ತಂದಿದ್ದು."

"ಗೊತ್ತು," ಅಂದರು ಹೆಂಡತಿ, ಉಸಿರು ಬಿಡುತ್ತ. "ನಿಮಗೆ ಓಡಿಸೋಕೆ ಬರಲ್ಲ ಅಂತ ಗೊತ್ತಿತ್ತು. ನಿಲ್ಲಿಸೋಕೂ ಬರಲ್ಲ ಅಂತ ಗೊತ್ತಿರಲಿಲ್ಲ."

"ಮತ್ತೆ ಡಾಕ್ಟರ ಮುಂದೆ ಯಾಕೆ ಹಾಗಂದೆ?"

"ಮಾನಕ್ಕಾದ್ರೂ ಹೆದರಿ ಕಲೀತೀರಿ ಅಂದ್ಕೊಂಡೆ. ಊರೆಲ್ಲಾ ತಳ್ಕೊಂಡು ತಿರುಗ್ತೀರಿ ಅಂತ ಕನಸು ಬಿದ್ದಿತ್ತಾ."

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲೇ."

"ಹೇಳಿದ್ರೆ ನೀವು ಕಪ್ ತಿಕ್ಕೋದು ಬಿಡ್ತಿದ್ರಿ. ಮನೇಲಿ ನೀವು ಮಾಡೋ ಕೆಲಸ ಅದೊಂದೇ."

ಟೈಲರು ಹ್ಯಾಂಡಲ್ಲಿನ ಧೂಳು ಒರೆಸಿದರು. ಕೇಳಲೇಬೇಕಾದ ಪ್ರಶ್ನೆ ಇನ್ನೂ ಒಂದಿತ್ತು. "ಹಾಗಾದ್ರೆ ಆ ಗುಮಾಸ್ತನ್ನ ಯಾಕೆ ಬೇಡ ಅಂದೆ?"

"ಆತ ಮುಂದಿನ ವರ್ಷ ಸಾಹೇಬ ಆಗ್ತೀನಿ ಅಂತ ನಮ್ಮಪ್ಪನ ಮುಂದೆ ಬುರುಡೆ ಬಿಟ್ಟ. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ನಿಮ್ಮ ಮಾವ ಸುಳ್ಳು ಹೇಳಿದ್ರು, ಕಿವಿ ಕೆಂಪಗಾಗಿದ್ದು ನಿಮ್ಮದು. ಬೇರೆಯವರ ಸುಳ್ಳಿಗೇ ಇಷ್ಟು ನಾಚಿಕೊಳ್ಳೋ ಮನುಷ್ಯನ ಜೊತೆ ಬಾಳಬಹುದು ಅಂತ ಒಪ್ಪಿದೆ."

ಟೈಲರ ಕಣ್ಣು ತುಂಬಿತು. ಇಷ್ಟು ಭಾನುವಾರ ತಿಕ್ಕಿದ ಹಿತ್ತಾಳೆಗೆ ಅವರ ಸಂಸಾರದಲ್ಲಿ ಯಾವ ಪಾತ್ರವೂ ಇರಲಿಲ್ಲ. ಹೆಂಡತಿ ಸೈಕಲ್ಲಿನಿಂದ ಇಳಿದು, ಹಿಂದೆ ಹೋಗಿ ಸೀಟು ಗಟ್ಟಿಯಾಗಿ ಹಿಡಿದು ನಿಂತರು. "ಹತ್ತಿ," ಅಂದರು.

ಟೈಲರು ಹೇಗೋ ಕಾಲು ಎತ್ತಿ ಹಾಕಿ ಕೂತರು. ಸೈಕಲ್ಲು ನಡುಗಿತು, ಅದಕ್ಕಿಂತ ಹೆಚ್ಚು ಅವರು ನಡುಗಿದರು.

"ಬಿಡಬೇಡ ಕಣೇ."

"ಅವತ್ತೇ ಬಿಡದೇ ಇದ್ದೋಳು ಈಗ ಬಿಡ್ತೀನಾ. ತುಳೀರಿ."